ಮಾಲು ಸಿದ್ಧವಾದ ಮೇಲೆ: ತಿಕೋಟಾ–ಬಬಲೇಶ್ವರ ಭಾಗದ ಒಣದ್ರಾಕ್ಷಿ ಉದ್ದಿಮೆಯ ಒಂದು ಅಭ್ಯಾಸ

ಕಾಫಿ ಪುಡಿ ಘಟಕ, ಅಡಿಕೆ ಸುಲಿದು ವಿಂಗಡಿಸುವ ಘಟಕ, ಹಲಸಿನ ಹಪ್ಪಳ, ಕಾಳುಮೆಣಸಿನ ಪೊಟ್ಟಣ, ಹೀಗೆ ತಮ್ಮ ಬೆಳೆಗೆ ತಾವೇ ರೂಪ ಕೊಟ್ಟು ಮಾರಬೇಕೆಂಬ ಆಸೆ ನಮ್ಮ ಸದಸ್ಯರಲ್ಲಿ, ವಿಶೇಷವಾಗಿ ಓದು ಮುಗಿಸಿ ಊರಿಗೆ ಮರಳಿದ ಅವರ ಮಕ್ಕಳಲ್ಲಿ, ಹೆಚ್ಚುತ್ತಿದೆ. ಇದು ಸಂತೋಷದ ವಿಷಯವೇ. ಆದರೆ ಸಂಘದ ಕಚೇರಿಗೆ ಬಂದು ಸಾಲದ ವಿಚಾರ ಎತ್ತುವವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಯಂತ್ರಕ್ಕೆ ಎಷ್ಟಾಗುತ್ತದೆ? ಮಾಲು ತಯಾರಾದ ದಿನದಿಂದ ಅದರ ಹಣ ಕೈಸೇರುವ ದಿನದವರೆಗೆ ಮನೆಯೂ ತೋಟವೂ ಹೇಗೆ ನಡೆಯಬೇಕು ಎಂದು ಕೇಳಿದವರು ಬಹಳ ಕಡಿಮೆ. ಹೊಸದಾಗಿ ಉದ್ದಿಮೆ ಹಿಡಿದವರು ಬಹುಪಾಲು ಎಡವುವುದು ಈ ಎರಡನೆಯ ಪ್ರಶ್ನೆಯಲ್ಲಿ. ನಮ್ಮ ಊರಿನ ಉದಾಹರಣೆ ಕೊಟ್ಟು ಇದನ್ನು ಹೇಳಿದರೆ ಅದು ಯಾರ ಮನೆಯ ಮಾತು ಎಂಬ ಚರ್ಚೆ ಹುಟ್ಟಿ ವಿಷಯ ಹಿಂದೆ ಬೀಳುತ್ತದೆ. ಆದ್ದರಿಂದ ಈ ಸಲ ದೂರದ ವಿಜಯಪುರ ಜಿಲ್ಲೆಯ ದ್ರಾಕ್ಷಿ ಬೆಳೆಗಾರರ ಕಡೆಗೆ ನೋಡೋಣ.

ಮಲೆನಾಡಿನವರಿಗೆ ವಿಜಯಪುರ ಎಂದರೆ ಗೋಳಗುಮ್ಮಟ ಮತ್ತು ಬಿಳಿಜೋಳ. ಆ ನಗರದಿಂದ ಅಥಣಿ ರಸ್ತೆ ಹಿಡಿದರೆ ತಿಕೋಟಾ, ಜಮಖಂಡಿ ಕಡೆಗೆ ಹೊರಟರೆ ಬಬಲೇಶ್ವರ ಸಿಗುತ್ತವೆ. ಎರಡೂ ಮೊದಲು ವಿಜಯಪುರ ತಾಲ್ಲೂಕಿಗೇ ಸೇರಿದ್ದು, 2018ರಲ್ಲಿ ಪ್ರತ್ಯೇಕ ತಾಲ್ಲೂಕುಗಳಾದವು. ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ನಮ್ಮಲ್ಲಿ ಆಷಾಢದ ಒಂದು ತಿಂಗಳಿಗೆ ಅದು ಸಾಲದು. ಇಂಥ ನೆಲದಲ್ಲಿ ತಿಕೋಟಾ, ಬಾಬಾನಗರ, ಬಿಜ್ಜರಗಿ, ಕನಮಡಿ, ಹೊನವಾಡ ಮುಂತಾದ ಊರುಗಳವರು ಕೊಳವೆಬಾವಿಯನ್ನೂ ಕೃಷಿ ಹೊಂಡವನ್ನೂ ನಂಬಿ ದ್ರಾಕ್ಷಿ ಬೆಳೆಸಿದರು. ಬರಗಾಲದ ವರ್ಷಗಳಲ್ಲಿ ಟ್ಯಾಂಕರಿನಲ್ಲಿ ನೀರು ಕೊಂಡು ತಂದು ಬಳ್ಳಿಯ ಜೀವ ಉಳಿಸಿಕೊಂಡರು. ಕಂಬ, ತಂತಿ, ಹನಿ ನೀರಾವರಿ ಎಂದು ಎಕರೆಗೆ ಲಕ್ಷಗಟ್ಟಲೆ ಹೂಡಿದ ಮೇಲೆ ಬಳ್ಳಿ ಒಣಗಲು ಬಿಡುವುದು ಸಾಧ್ಯವಿರಲಿಲ್ಲ. ಈಚಿನ ವರ್ಷಗಳಲ್ಲಿ ಕೃಷ್ಣೆಯಿಂದ ನೀರೆತ್ತುವ ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಯ ನೀರು ಈ ಭಾಗಕ್ಕೆ ಬಂದಿರುವುದರಿಂದ ಆ ಸಂಕಟ ಎಷ್ಟೋ ಕಡಿಮೆಯಾಗಿದೆ. ಸುಮಾರು 52 ಸಾವಿರ ಹೆಕ್ಟೇರಿಗೆ ನೀರುಣಿಸುವುದು ಅದರ ಗುರಿ.

ಹಣ್ಣನ್ನು ಹಸಿಯಾಗಿ ಮಾರದೆ ಒಣಗಿಸುವುದೇಕೆ? ಹಸಿ ದ್ರಾಕ್ಷಿ ಕಾಯುವುದಿಲ್ಲ. ವ್ಯಾಪಾರಿ ತೋಟಕ್ಕೆ ಬಂದು ಹೇಳಿದ ದರಕ್ಕೆ ಒಪ್ಪದಿದ್ದರೆ ಒಂದು ವಾರದಲ್ಲಿ ಹಣ್ಣು ಬಳ್ಳಿಯಲ್ಲೇ ಸೋರುತ್ತದೆ. ಒಣದ್ರಾಕ್ಷಿ, ಅಲ್ಲಿಯವರು ಮಣೂಕ ಎನ್ನುವುದು, ತಿಂಗಳುಗಟ್ಟಲೆ ಕಾಯಬಲ್ಲದು. ದರ ಬಂದಾಗ ಮಾರಬಹುದು ಎಂಬುದೇ ಈ ಉದ್ದಿಮೆಯ ಮೂಲ ಲೆಕ್ಕಾಚಾರ. ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತಯಾರಿಕೆಯ ಕ್ರಮ ಹೀಗಿದೆ. ಅಕ್ಟೋಬರಿನಲ್ಲಿ ಬಳ್ಳಿ ಚಾಟನಿ ಮಾಡಿದರೆ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಕೊಯ್ಲು. ಥಾಮ್ಸನ್ ಸೀಡ್‌ಲೆಸ್ ಮತ್ತು ಅದರಿಂದ ಆಯ್ದು ಬೆಳೆಸಿದ ತಳಿಗಳು ಮುಖ್ಯವಾದವು. ಹಣ್ಣಿನ ಸಿಹಿ 22 ಬ್ರಿಕ್ಸ್ ದಾಟಿರಬೇಕು. ಅದಕ್ಕಿಂತ ಕಡಿಮೆಯಾದರೆ ಒಣಗಿದ ಮೇಲೆ ತೂಕ ಸಿಗದು. ದ್ರಾಕ್ಷಿಯ ಸಿಪ್ಪೆಯ ಮೇಲೆ ತೆಳುವಾದ ಮೇಣದ ಪದರವಿರುತ್ತದೆ. ಅದು ನೀರಿನಂಶವನ್ನು ಹೊರಬಿಡುವುದಿಲ್ಲ. ಆದ್ದರಿಂದ ಲೀಟರ್ ನೀರಿಗೆ ಸುಮಾರು 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು 15 ಮಿಲಿಲೀಟರ್ ಈಥೈಲ್ ಓಲಿಯೇಟ್ ಎಂಬ ಎಣ್ಣೆ ಕಲಸಿ, ಗೊಂಚಲುಗಳನ್ನು ಕೆಲವು ನಿಮಿಷ ಅದ್ದಿ ತೆಗೆಯುತ್ತಾರೆ. ನಂತರ ನೆರಳಿನ ಶೆಡ್ಡಿನಲ್ಲಿ ಅಂತಸ್ತು ಅಂತಸ್ತಾಗಿ ಕಟ್ಟಿದ ಬಲೆಗಳ ಮೇಲೆ ಹರವುತ್ತಾರೆ. ಒಣಗಾಳಿ ಬೀಸುತ್ತಿದ್ದರೆ ಎರಡು ವಾರದ ಆಸುಪಾಸಿನಲ್ಲಿ ತೇವಾಂಶ ಶೇಕಡಾ 15ರ ಹತ್ತಿರಕ್ಕೆ ಇಳಿದು ಮಾಲು ಸಿದ್ಧ. ನಾಲ್ಕು ಕಿಲೋ ಹಣ್ಣಿಗೆ ಒಂದು ಕಿಲೋ ಮಣೂಕ ಎಂಬುದು ರೂಢಿಯ ಲೆಕ್ಕ.

ಈ ಎರಡು ವಾರ ಬೆಳೆಗಾರನಿಗೆ ನಿದ್ರೆಯಿಲ್ಲ. ಮಾರ್ಚ್–ಏಪ್ರಿಲಿನಲ್ಲಿ ಒಂದು ಅಕಾಲಿಕ ಮಳೆ ಬಿದ್ದು ಹವೆ ತೇವವಾಯಿತೆಂದರೆ ಬಲೆಯ ಮೇಲಿನ ಹಣ್ಣು ಕಪ್ಪಾಗುತ್ತದೆ, ಬೂಸ್ಟು ಹಿಡಿಯುತ್ತದೆ. ಹಸಿರು ಹಳದಿ ಬಣ್ಣದ ಮಾಲಿಗೂ ಕಂದಿದ ಮಾಲಿಗೂ ದರದಲ್ಲಿ ಭಾರಿ ಅಂತರ. ಡಿಸೆಂಬರ್–ಜನವರಿಯಲ್ಲಿ ಕಣದ ತುಂಬ ಕಾಫಿ ಹರಡಿಕೊಂಡು ಆಕಾಶ ನೋಡುವವರಿಗೂ, ಚಾಲಿಗೆಂದು ಅಂಗಳದಲ್ಲಿ ನಲವತ್ತು ದಿನ ಅಡಿಕೆ ಒಣಗಿಸುವವರಿಗೂ ಈ ಕಷ್ಟ ಅರ್ಥವಾದೀತು. ಬೆಳೆ ಕೈಗೆ ಬಂದ ಮೇಲೂ ಅದು ಪೂರ್ತಿ ನಮ್ಮದಾಗಿರುವುದಿಲ್ಲ.

ಇಷ್ಟಾದರೂ ತಯಾರಿಕೆ ಕಲಿಯಬಹುದಾದ ಕೆಲಸ. ಆ ಭಾಗದ ರೈತರು ಅದನ್ನು ಚೆನ್ನಾಗಿಯೇ ಕಲಿತಿದ್ದಾರೆ. ತೊಡಕು ಆರಂಭವಾದದ್ದು ಮಾಲು ಪೆಟ್ಟಿಗೆಗೆ ಬಿದ್ದ ಮೇಲೆ. ಬಹುಕಾಲ ಅವರ ದೊಡ್ಡ ಮಾರುಕಟ್ಟೆ ಮಹಾರಾಷ್ಟ್ರದ ತಾಸಗಾಂವ ಮತ್ತು ಸಾಂಗ್ಲಿ. ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ, ಬೇರೆ ರಾಜ್ಯ, ಸಾಗಣೆ ವೆಚ್ಚ, ದಲಾಲಿ. ಬಣ್ಣ ಕೆಡದಂತೆ ಇಡಲು ಶೈತ್ಯಾಗಾರ ಬೇಕು. ತಮ್ಮೂರಲ್ಲಿ ಅದು ಸಾಕಷ್ಟಿಲ್ಲದ್ದರಿಂದ ಮಾಲನ್ನು ಅಲ್ಲಿಯೇ ಬಾಡಿಗೆಗೆ ಇರಿಸಿ ಬರುವವರು ಅನೇಕರು. ಮಾಲು ಇನ್ನೊಬ್ಬರ ಗೋದಾಮಿನಲ್ಲಿ, ಅವರ ಊರಿನಲ್ಲಿ ಕುಳಿತ ಮೇಲೆ ಈ ದರ ಬೇಡ, ವಾಪಸು ಒಯ್ಯುತ್ತೇನೆ ಎನ್ನುವ ಧೈರ್ಯ ಯಾರಿಗಿರುತ್ತದೆ? ಕಾಯುವ ಶಕ್ತಿಗಾಗಿಯೇ ಹಣ್ಣನ್ನು ಒಣಗಿಸಿದವರು, ಕಾಯುವ ಜಾಗ ತಮ್ಮದಲ್ಲದ ಕಾರಣ ಆ ಶಕ್ತಿಯನ್ನು ಅರ್ಧ ಬಿಟ್ಟುಕೊಟ್ಟಂತಾಯಿತು.

ಮುಂದೆ ವಿಜಯಪುರದ ಎಪಿಎಂಸಿಯಲ್ಲಿಯೇ ಒಣದ್ರಾಕ್ಷಿಯ ಆನ್‌ಲೈನ್ ವಹಿವಾಟು ಆರಂಭವಾಯಿತು, ಜಿಲ್ಲೆಯಲ್ಲಿ ಶೈತ್ಯಾಗಾರಗಳೂ ಬಂದವು. ಇದರಿಂದ ಹತ್ತಿರದಲ್ಲಿ ಮಾರುವ ಅವಕಾಶ ದೊರೆಯಿತು. ಆದರೂ ಹಳೆಯ ವ್ಯಾಪಾರ ಸಂಬಂಧ ಒಂದೆರಡು ವರ್ಷದಲ್ಲಿ ಕಳಚುವಂಥದ್ದಲ್ಲ. ಮುಂಗಡ ಕೊಟ್ಟವನ ಅಂಗಡಿಗೇ ಮಾಲು ಹೋಗುವುದು ದ್ರಾಕ್ಷಿಗೆ ಮಾತ್ರ ಇರುವ ರೋಗವಲ್ಲ ಎಂಬುದನ್ನು ನಮ್ಮ ಸದಸ್ಯರಿಗೆ ನೆನಪಿಸಬೇಕೆ?

ಈಗ ಸ್ವಲ್ಪ ಅಂಕಿಗಳನ್ನು ಇಟ್ಟು ನೋಡೋಣ. ಇವು ಲೆಕ್ಕ ತಿಳಿಸಲು ನಾವು ಹಾಕಿಕೊಂಡ ಅಂಕಿಗಳು, ಮಾರುಕಟ್ಟೆಯ ದರವೆಂದು ಯಾರೂ ತಿಳಿಯಬಾರದು. ಹಸಿ ಹಣ್ಣಿಗೆ ಕಿಲೋಗೆ 25 ರೂಪಾಯಿ ದೊರೆಯುತ್ತಿದ್ದರೆ ಒಂದು ಕಿಲೋ ಮಣೂಕದೊಳಗೆ 100 ರೂಪಾಯಿಯ ಹಣ್ಣಿದೆ. ಅದ್ದುವ ಔಷಧ, ಕೂಲಿ, ಶೆಡ್ಡಿನ ಸವಕಳಿ ಸೇರಿ 20 ರೂಪಾಯಿ. ಅಲ್ಲಿಗೆ 120. ಮಣೂಕ 150ಕ್ಕೆ ಮಾರಿದರೆ 30 ರೂಪಾಯಿ ಲಾಭವೆಂದು ನಮ್ಮ ಯುವಕರು ಕಾಗದದ ಮೇಲೆ ಬರೆಯುತ್ತಾರೆ. ಆದರೆ ಆರು ತಿಂಗಳು ಕಾಯ್ದರೆ ಶೇಕಡಾ 12ರ ಬಡ್ಡಿಯಲ್ಲಿ 7 ರೂಪಾಯಿ 20 ಪೈಸೆ ಹೋಯಿತು. ಶೈತ್ಯಾಗಾರದ ಬಾಡಿಗೆ, ಸಾಗಣೆ 5 ರೂಪಾಯಿ. ಅಸಲು 132 ರೂಪಾಯಿ 20 ಪೈಸೆಗೆ ಏರಿ, 30 ರೂಪಾಯಿಯ ಲಾಭ 17 ರೂಪಾಯಿ 80 ಪೈಸೆಗೆ ಇಳಿಯಿತು. ದರ 130ಕ್ಕೆ ಬಂದರೆ ಕಿಲೋಗೆ 2 ರೂಪಾಯಿ 20 ಪೈಸೆ ಕೈಯಿಂದ ಹೋಗುತ್ತದೆ. ಹಸಿ ಹಣ್ಣನ್ನೇ ಮಾರಿದ ಪಕ್ಕದ ತೋಟದವನು ಏಪ್ರಿಲಿನಲ್ಲೇ ಹಣ ಎಣಿಸಿ ಮುಂದಿನ ಗೊಬ್ಬರ ತಂದಿರುತ್ತಾನೆ. ಎಕರೆಗೆ 10 ಟನ್ ಹಣ್ಣೆಂದರೆ ಎರಡೂವರೆ ಟನ್ ಮಣೂಕ, ಅಂದರೆ 3 ಲಕ್ಷ ರೂಪಾಯಿ ಗೋದಾಮಿನಲ್ಲಿ ಕುಳಿತಿದೆ. ಈ 3 ಲಕ್ಷ ಯಂತ್ರದ ಪಟ್ಟಿಯಲ್ಲಾಗಲಿ ಶೆಡ್ಡಿನ ಅಂದಾಜಿನಲ್ಲಾಗಲಿ ಎಲ್ಲಿಯೂ ಇರುವುದಿಲ್ಲ.

2020ರ ಮಾರ್ಚ್ 25ರಿಂದ ಕೋವಿಡ್ ನಿಮಿತ್ತ ದೇಶವೇ ಬಾಗಿಲು ಹಾಕಿಕೊಂಡಾಗ ಅಲ್ಲಿ ಕೊಯ್ಲಿನ ಭರ. ಹಸಿ ಹಣ್ಣಿನ ವ್ಯಾಪಾರಿಗಳು ಬರಲಿಲ್ಲ. ಶೆಡ್ಡು ಇದ್ದವರು ಒಣಗಿಸಿ ಬೆಳೆ ಉಳಿಸಿಕೊಂಡರು, ಇಲ್ಲದವರು ಒದ್ದಾಡಿದರು. ಸಂಸ್ಕರಣೆ ಗೊತ್ತಿರುವುದರ ಬೆಲೆ ಆ ವರ್ಷ ಕಂಡಿತು. ಆದರೆ ಹಸಿಯಾಗಿ ಮಾರಾಟವಾಗಬೇಕಿದ್ದ ಹಣ್ಣೂ ಶೆಡ್ಡಿಗೆ ಬಂದರೆ ಮಣೂಕದ ರಾಶಿ ಬೆಳೆಯುತ್ತದೆ, ಅದನ್ನು ಕೊಳ್ಳುವವರು ಅಷ್ಟೇ ಇರುತ್ತಾರೆ. ಎಲ್ಲರನ್ನೂ ಒಂದೇ ಸಲ ಒಂದೇ ಬಾಗಿಲಿಗೆ ತಳ್ಳುವ ವರ್ಷ ಯಾವ ಉದ್ದಿಮೆಗೂ ಬರಬಹುದು.

ಇದರ ಮೇಲೆ ಹೊರಗಿನ ಮಾಲು. ಸಾರ್ಕ್ ದೇಶಗಳ ಮುಕ್ತ ವ್ಯಾಪಾರ ಒಪ್ಪಂದದ ರಿಯಾಯಿತಿಯಲ್ಲಿ ಅಫ್ಘಾನಿಸ್ತಾನದ ಒಣದ್ರಾಕ್ಷಿ ನಮ್ಮ ದೇಶಕ್ಕೆ ಬರುತ್ತದೆ. ವಿದೇಶಿ ಅಡಿಕೆಯ ಕಾಟಕ್ಕೆ ಕೇಂದ್ರ ಸರ್ಕಾರ ಕನಿಷ್ಠ ಆಮದು ಬೆಲೆಯನ್ನು 2017ರಲ್ಲಿ ಕಿಲೋಗೆ 251 ರೂಪಾಯಿ, 2023ರ ಫೆಬ್ರವರಿಯಲ್ಲಿ 351 ರೂಪಾಯಿ ಎಂದು ಗೊತ್ತುಮಾಡಿದ್ದು ನಮಗೆ ತಿಳಿದಿದೆ. ದೂರದ ಬಂದರಿನಲ್ಲಿ ಇಳಿದ ಮಾಲು ತಿಕೋಟಾದ ಶೆಡ್ಡಿನ ದರವನ್ನು ನಿರ್ಧರಿಸುವ ಬಗೆ ಇದು. ಪ್ರತ್ಯೇಕ ಬೆಳೆಗಾರ ಇದಕ್ಕೆ ಮಾಡಬಹುದಾದದ್ದು ಹೆಚ್ಚೇನಿಲ್ಲ.

ಹಾಗಾದರೆ ಕಾಯುವ ಬಂಡವಾಳ ಎಲ್ಲಿಂದ ಬರಬೇಕು? ವಿಜಯಪುರ ನಗರದಲ್ಲೇ ಇದಕ್ಕೆ ಒಂದು ಹಳೆಯ ನಿದರ್ಶನವಿದೆ. ವಚನ ಸಾಹಿತ್ಯವನ್ನು ಬೆಳಕಿಗೆ ತಂದ ಡಾ. ಫ.ಗು. ಹಳಕಟ್ಟಿಯವರು ವೃತ್ತಿಯಿಂದ ವಕೀಲರು, ಸಹಕಾರಿಗಳೂ ಹೌದು. 1912ರಲ್ಲಿ ಅಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಹುಟ್ಟಲು ಅವರು ಕಾರಣರು. 1925ರಲ್ಲಿ ಹಿತಚಿಂತಕ ಎಂಬ ಮುದ್ರಣಾಲಯ ತೆರೆದಾಗ ಮಾತ್ರ ಮನೆ ಮಾರಿದ ಹಣವೇ ಅವರಿಗೆ ಆಧಾರವಾಯಿತು. ಅಚ್ಚಾದ ಪುಸ್ತಕವೂ ದಾಸ್ತಾನೇ. ಓದುಗ ಬರುವವರೆಗೆ ಅದೂ ಕಾಯಬೇಕು. ಅವರು ಲಾಭಕ್ಕಾಗಿ ಆ ಕೆಲಸಕ್ಕೆ ಇಳಿದವರಲ್ಲ, ಬಡತನವನ್ನು ತಿಳಿದೇ ಒಪ್ಪಿಕೊಂಡರು. ಮನೆ ನಡೆಸಲೆಂದು ಘಟಕ ತೆರೆಯುವವರು ಮನೆಯನ್ನೇ ಬಂಡವಾಳ ಮಾಡುವುದು ಬೇರೆ ಮಾತು, ಅದನ್ನು ನಾವು ಪ್ರೋತ್ಸಾಹಿಸುವುದಿಲ್ಲ.

ನಮ್ಮ ಕಡೆಯದೇ ಇನ್ನೊಂದು. ಅಡಿಕೆ ದರ ಕುಸಿದ ಕಾಲದಲ್ಲಿ, 1973ರ ಜುಲೈ 11ರಂದು, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳುತನದಲ್ಲಿ ಕ್ಯಾಂಪ್ಕೊ ಸ್ಥಾಪನೆಯಾಯಿತು. ಮುಂದೆ ಖಾಸಗಿ ಖರೀದಿದಾರರು ಕೊಕ್ಕೋ ಕೊಳ್ಳುವುದರಿಂದ ಹಿಂದೆ ಸರಿದಾಗ ಸಂಸ್ಥೆ ಅದನ್ನೂ ಕೊಳ್ಳತೊಡಗಿತು. ಪುತ್ತೂರಿನ ಚಾಕೊಲೇಟ್ ಕಾರ್ಖಾನೆ ಶುರುವಾದದ್ದು 1986ರಲ್ಲಿ. ಮೊದಲು ಕೊಳ್ಳುವ ಹಾಗೂ ದಾಸ್ತಾನು ಹೊರುವ ಶಕ್ತಿ, ಆಮೇಲೆ ಯಂತ್ರ ಎಂಬ ಈ ಅನುಕ್ರಮವನ್ನು ಗಮನಿಸಬೇಕು. ಬಿಡಿ ಬೆಳೆಗಾರ ಸಾಮಾನ್ಯವಾಗಿ ಇದನ್ನು ತಲೆಕೆಳಗಾಗಿ ಮಾಡುತ್ತಾನೆ.

ಈಗ ನಮ್ಮ ಘಟಕಗಳ ವಿಚಾರ. ಅಡಿಕೆಯವರಿಗೆ ಒಂದು ಅಭ್ಯಾಸವಿದೆ: ಚಾಲಿ ಗೋಣಿ ಕಟ್ಟಿ ಅಟ್ಟಕ್ಕೆ ಹಾಕಿದರೆ ಅದು ಬ್ಯಾಂಕಿನ ಠೇವಣಿಯಿದ್ದಂತೆ, ಹಳತಾದರೆ ದರವೂ ಹೆಚ್ಚಬಹುದು. ಈ ಅಭ್ಯಾಸವನ್ನು ಕಾಫಿ ಪುಡಿಗೆ ಹಚ್ಚಿದವರು ಕೆಟ್ಟರು. ಪಾರ್ಚ್‌ಮೆಂಟ್ ಕಾಫಿ ಗೋದಾಮಿನಲ್ಲಿ ತಿಂಗಳುಗಟ್ಟಲೆ ಇರಬಲ್ಲದು. ಹುರಿದು ಪುಡಿ ಮಾಡಿದ ಮೇಲೆ ಕೆಲವೇ ವಾರಗಳಲ್ಲಿ ಪರಿಮಳ ಹಾರಿಹೋಗುತ್ತದೆ. ಹುರಿಯುವಾಗಲೇ 100 ಕಿಲೋ ಬೀಜ 80–85 ಕಿಲೋಗೆ ಇಳಿಯುತ್ತದೆ. ಅಂಗಡಿಯವನು ಒಂದೂವರೆ ತಿಂಗಳ ಉದ್ದರಿ ಕೇಳುತ್ತಾನೆ, ಮಾರಾಟವಾಗದ ಪೊಟ್ಟಣ ಹಿಂದಿರುಗಿಸುತ್ತಾನೆ. ಆದ್ದರಿಂದ ಪುಡಿ ಘಟಕದವರು ದಾಸ್ತಾನನ್ನು ಬೀಜದ ರೂಪದಲ್ಲೇ ಇಟ್ಟು, ಕೈಯಲ್ಲಿರುವ ಬೇಡಿಕೆಯಷ್ಟನ್ನೇ ಹುರಿಯಬೇಕು. ಸಣ್ಣ ರೋಸ್ಟರು ದೊಡ್ಡದಕ್ಕಿಂತ ಮೇಲು ಎಂಬುದು ನಮ್ಮ ಅಭಿಪ್ರಾಯ. ಯಂತ್ರ ಮಾರುವವರು ಇದನ್ನು ಒಪ್ಪಲಿಕ್ಕಿಲ್ಲ.

ಸಹಾಯಧನದ ಬಗ್ಗೆಯೂ ಒಂದು ಮಾತು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಕೇಂದ್ರದ ನಿಯಮದಂತೆ ಶೇಕಡಾ 35, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನವಿತ್ತು. ಅದು ಸಾಲಕ್ಕೆ ಜೋಡಿಸಿದ್ದು. ಬ್ಯಾಂಕಿನಲ್ಲಿ ಪ್ರತ್ಯೇಕವಾಗಿದ್ದು, ಸಾಲ ಸರಿಯಾಗಿ ನಡೆದು ಘಟಕ ಚಾಲ್ತಿಯಲ್ಲಿದ್ದರೆ ಮೂರು ವರ್ಷದ ನಂತರ ಸಾಲಕ್ಕೆ ವಜಾ ಆಗುವಂಥದ್ದು. ಮೊದಲ ವರ್ಷದ ಕೂಲಿಗೂ ಬಡ್ಡಿಗೂ ಅದು ಒದಗದು. ಅದನ್ನು ನಗದೆಂದು ಎಣಿಸಿ ಯೋಜನೆ ಬರೆದು ತರುವ ಅರ್ಜಿಗಳನ್ನು ನಾವು ಹಿಂದಕ್ಕೆ ಕೊಟ್ಟಿದ್ದೇವೆ, ಮುಂದೆಯೂ ಕೊಡುತ್ತೇವೆ.

ಒಣದ್ರಾಕ್ಷಿಯವರಿಗೂ ನಮಗೂ ಒಟ್ಟಿಗೆ ದೊರೆತ ಒಂದು ಅನುಕೂಲವನ್ನೂ ಇಲ್ಲಿ ತಿಳಿಸಬೇಕು. 2024ರ ಡಿಸೆಂಬರ್ 21ರಂದು ಜೈಸಲ್ಮೇರಿನಲ್ಲಿ ಸೇರಿದ್ದ ಜಿಎಸ್‌ಟಿ ಮಂಡಳಿ, ಕೃಷಿಕನೇ ಮಾರುವ ಕಾಳುಮೆಣಸು, ಹಸಿಯಾಗಲಿ ಒಣಗಿದ್ದಾಗಲಿ, ಮತ್ತು ಒಣದ್ರಾಕ್ಷಿ ತೆರಿಗೆಗೆ ಒಳಪಡುವುದಿಲ್ಲ ಎಂದು ಸ್ಪಷ್ಟಪಡಿಸಿತು. ಈ ಮಾತು ತಾನು ಬೆಳೆದದ್ದನ್ನು ಮಾರುವವನಿಗೆ ಸಂಬಂಧಿಸಿದ್ದು. ನೆರೆಯವರ ಮೆಣಸನ್ನೂ ಕೊಂಡು ಪೊಟ್ಟಣ ಕಟ್ಟಿ ಹೆಸರಿಟ್ಟು ಮಾರತೊಡಗಿದರೆ ಅಲ್ಲಿಂದ ಮುಂದೆ ವ್ಯಾಪಾರಿಯ ಲೆಕ್ಕವೇ ಬೇರೆ. ಅಂಥವರು ಮೊದಲೇ ಲೆಕ್ಕಪರಿಶೋಧಕರನ್ನು ಕಂಡು ಬರುವುದು ಒಳ್ಳೆಯದು.

ಘಟಕಕ್ಕೆ ಸಾಲ ಬೇಡುವ ಸದಸ್ಯರು ಯಂತ್ರದ ದರಪಟ್ಟಿಯ ಜೊತೆಗೆ ಒಂದು ಹಾಳೆಯಲ್ಲಿ ಇಷ್ಟನ್ನು ಬರೆದು ತರಬೇಕು: ಮೊದಲ ಹಂಗಾಮಿನಲ್ಲಿ ಎಷ್ಟು ಕಿಲೋ ಮಾಲು, ಅದು ಎಷ್ಟು ದಿನ ದಾಸ್ತಾನಿನಲ್ಲಿರುತ್ತದೆ, ಎಲ್ಲಿ ಇರುತ್ತದೆ, ಕೊಳ್ಳುವವರು ಯಾರು ಹಾಗೂ ಅವರು ಎಷ್ಟು ದಿನಕ್ಕೆ ಹಣ ಕೊಡುತ್ತಾರೆ, ಅಷ್ಟು ದಿನದ ಬಡ್ಡಿ ಎಷ್ಟು, ದರ ಹತ್ತರಲ್ಲಿ ಒಂದು ಪಾಲು ಇಳಿದರೆ ಏನಾಗುತ್ತದೆ. ಬರೆಯಲು ತೊಡಕಾದವರು ಸಂತೆಯ ದಿನ ಬೆಳಿಗ್ಗೆ ಕಚೇರಿಗೆ ಬಂದರೆ ಒಟ್ಟಿಗೆ ಕುಳಿತು ಲೆಕ್ಕ ಹಾಕೋಣ.