ಪರದೆಯನ್ನು ಓದಿ, ಆಮೇಲೆ ಸೋಲ್ಡರಿಂಗ್ ಐರನ್ ಹಿಡಿಯಿರಿ: ಹಳೆಯ ಆರ್ಕೇಡ್ ಮಾನಿಟರ್ ರಿಪೇರಿಗೆ 12 ಸೂತ್ರಗಳು

ಪ್ಯಾಕ್‌ಮ್ಯಾನ್, ಡಾಂಕಿ ಕಾಂಗ್ ಕಾಲದ ಆಟದ ಯಂತ್ರಗಳಿಗೆ ಈಗ ನಲವತ್ತು ವರ್ಷ ದಾಟಿದೆ. ಅಮೆರಿಕ, ಜಪಾನಿನ ಹವ್ಯಾಸಿಗಳು ಇವನ್ನು ಗೋದಾಮುಗಳಿಂದ ಹೊರತೆಗೆದು ಮತ್ತೆ ಓಡಿಸುತ್ತಿದ್ದಾರೆ. ಹಾಗೆ ತಂದ ಯಂತ್ರದಲ್ಲಿ ಸದ್ದು ಬಂದು ಚಿತ್ರ ಮಾತ್ರ ಬಾರದಿರುವುದು ಮಾಮೂಲಿ. ಆಗ ಕೆಲವರು ಎಲ್‌ಸಿಡಿ ಹಾಕಿ ಕೈತೊಳೆದುಕೊಳ್ಳುತ್ತಾರೆ, ಇನ್ನು ಕೆಲವರು ಸಿಕ್ಕಿದ ಭಾಗವನ್ನೆಲ್ಲ ಕಿತ್ತು ಹೊಸದು ಹಾಕುತ್ತಾರೆ. ಎರಡಕ್ಕೂ ಅವಸರ ಬೇಡ. ದೋಷ ಎಲ್ಲಿದೆ ಎಂಬುದನ್ನು ಕೆಟ್ಟ ಚಿತ್ರವೇ ತೋರಿಸಿಕೊಡುತ್ತದೆ. ಅದನ್ನು ಓದುವ ಕ್ರಮ ಇಲ್ಲಿದೆ.

1. ಮೊದಲು ಜೀವ, ಆಮೇಲೆ ಚಿತ್ರ

ಬಣ್ಣದ 19 ಇಂಚಿನ ಪಿಕ್ಚರ್ ಟ್ಯೂಬಿನ ಆನೋಡ್‌ನಲ್ಲಿ 20,000 ವೋಲ್ಟ್ ಆಸುಪಾಸು ಇರುತ್ತದೆ. ಪ್ಲಗ್ ಕಿತ್ತ ಮೇಲೂ ಟ್ಯೂಬಿನಲ್ಲಿ ಚಾರ್ಜ್ ಉಳಿದಿರುತ್ತದೆ. ಅದನ್ನು ಇಳಿಸಲು, ಪ್ಲಗ್ ಕಿತ್ತ ಮೇಲೆ, ಪ್ಲಾಸ್ಟಿಕ್ ಹಿಡಿಯ ಉದ್ದನೆಯ ಸ್ಕ್ರೂಡ್ರೈವರ್‌ಗೆ ಕ್ಲಿಪ್ ವೈರ್ ಸಿಕ್ಕಿಸಿ. ಅದರ ಇನ್ನೊಂದು ತುದಿಯನ್ನು ಟ್ಯೂಬಿನ ಬೆನ್ನ ಮೇಲೆ ಹಾದುಹೋಗುವ ಹೆಣೆದ ಅರ್ಥ್ ತಂತಿಗೆ ಜೋಡಿಸಿ. ಆಮೇಲೆ ಸ್ಕ್ರೂಡ್ರೈವರ್ ತುದಿಯನ್ನು ಆನೋಡಿನ ರಬ್ಬರ್ ಟೋಪಿಯ ಅಡಿಗೆ ನಿಧಾನವಾಗಿ ತೂರಿಸಿ. ಇನ್ನೊಂದು ಕೈ ಬೆನ್ನ ಹಿಂದೆ ಇರಲಿ. ಕೆಲವು ನಿಮಿಷ ಬಿಟ್ಟು ಮತ್ತೊಮ್ಮೆ ಮಾಡಿ, ಏಕೆಂದರೆ ಚಾರ್ಜ್ ಮರಳಿ ಸೇರಿಕೊಳ್ಳುತ್ತದೆ. ಟ್ಯೂಬಿನ ಕುತ್ತಿಗೆಗೆ ಏನೂ ತಗಲದಂತೆ ನೋಡಿಕೊಳ್ಳಿ; ಅದು ಮುರಿದರೆ ಟ್ಯೂಬಿನ ಕಥೆ ಅಲ್ಲಿಗೆ ಮುಗಿಯಿತು. ಮೊದಲ ಸಲವಾದರೆ ಹಳೇ ಟಿವಿ ಮೆಕ್ಯಾನಿಕ್ ಒಬ್ಬರನ್ನು ಜೊತೆಗಿಟ್ಟುಕೊಳ್ಳಿ.

2. ಎಷ್ಟು ವೋಲ್ಟಿನ ಯಂತ್ರ ಎಂದು ನೋಡಿ

ಅಮೆರಿಕದ ಯಂತ್ರಕ್ಕೆ 110-120 ವೋಲ್ಟ್ ಬೇಕು, ಜಪಾನಿನದಕ್ಕೆ 100. ನಮ್ಮ ಗೋಡೆಯಲ್ಲಿರುವುದು 230. ಭಾರತಕ್ಕೆ ತರಿಸಿದ ಯಂತ್ರವಾದರೆ ಟ್ರಾನ್ಸ್‌ಫಾರ್ಮರ್ ಮೇಲಿನ ಚೀಟಿಯಲ್ಲಿ ವೋಲ್ಟೇಜ್ ಜೊತೆಗೆ 50 ಹರ್ಟ್ಜ್ ಎಂದೂ ಇದೆಯೇ ನೋಡಿ. 60 ಹರ್ಟ್ಜ್‌ಗೆಂದೇ ಮಾಡಿದ್ದು ಇಲ್ಲಿ ಬಿಸಿಯಾಗಬಹುದು. ಎಲೆಕ್ಟ್ರೋಹೋಮ್ ಜಿ07ನಂಥ ಮಾನಿಟರ್‌ಗಳ ಚಾಸಿಯೇ ಕರೆಂಟಿನ ಲೈನಿಗೆ ಅಂಟಿಕೊಂಡಿರುತ್ತದೆ. ಅದಕ್ಕಾಗಿ ಯಂತ್ರದೊಳಗೆ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದನ್ನು ಬಿಟ್ಟು ಮೇಜಿನ ಮೇಲೆ ನೇರವಾಗಿ ಕರೆಂಟ್ ಕೊಟ್ಟರೆ ಮಾನಿಟರಿಗೂ ಅಪಾಯ, ಮುಟ್ಟಿದವರಿಗೂ ಅಪಾಯ.

3. ತಪ್ಪು ಮಾನಿಟರಿನದೋ ಗೇಮ್ ಬೋರ್ಡಿನದೋ ತೀರ್ಮಾನಿಸಿ

ಅಕ್ಷರಗಳು ಕಲಸಿಹೋಗಿ, ಆಕೃತಿಗಳು ತುಂಡುತುಂಡಾಗಿ ಕಂಡರೂ ಚಿತ್ರ ಅಲುಗಾಡದೆ ನಿಂತಿದ್ದರೆ ಮಾನಿಟರ್ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ದೋಷ ಗೇಮ್ ಬೋರ್ಡಿನದು. ಚಿತ್ರ ಕುಗ್ಗುವುದು, ಬಾಗುವುದು, ಮಡಚಿಕೊಳ್ಳುವುದು ಮಾನಿಟರಿನ ರೋಗ. ಸಾಧ್ಯವಾದರೆ ಸರಿಯಿರುವ ಇನ್ನೊಂದು ಬೋರ್ಡ್ ಜೋಡಿಸಿ ನೋಡಿ. ಒಂದು ಅಪವಾದವಿದೆ: 1981ರ ಡಾಂಕಿ ಕಾಂಗ್‌ನಂಥ ನಿಂಟೆಂಡೊ ಬೋರ್ಡುಗಳು ವಿಡಿಯೊ ಸಿಗ್ನಲನ್ನು ತಿರುವುಮುರುವಾಗಿ ಕಳಿಸುತ್ತವೆ. ಅವಕ್ಕೆಂದೇ ಸ್ಯಾನ್ಯೊ ಮಾನಿಟರ್ ಇತ್ತು. ಮಾಮೂಲಿ ಮಾನಿಟರಿಗೆ ಜೋಡಿಸಿದರೆ ಬಣ್ಣಗಳು ಫೋಟೊ ನೆಗೆಟಿವ್‌ನಂತೆ ಕಾಣುತ್ತವೆ. ಅಲ್ಲಿ ಕೆಟ್ಟದ್ದು ಏನೂ ಇಲ್ಲ, ಸಿಗ್ನಲ್ ತಿರುಗಿಸುವ ಒಂದು ಪುಟ್ಟ ಬೋರ್ಡ್ ಸಾಕು.

4. ಪೂರ್ತಿ ಕತ್ತಲೆಯೇ? ಟ್ಯೂಬಿನ ಕುತ್ತಿಗೆ ನೋಡಿ

ಕೋಣೆಯ ದೀಪ ಆರಿಸಿ, ಹಿಂದಿನಿಂದ ನೋಡಿ. ಕುತ್ತಿಗೆಯೊಳಗೆ ಕಿತ್ತಳೆ ಬಣ್ಣದ ಸಣ್ಣ ಬೆಳಕಿದ್ದರೆ ಹೀಟರ್ ಉರಿಯುತ್ತಿದೆ. ಬಹಳಷ್ಟು ಮಾನಿಟರ್‌ಗಳಲ್ಲಿ ಹೀಟರಿಗೆ ಸಪ್ಲೈ ಬರುವುದು ಎಲ್‌ಓಟಿಯಿಂದ, ಅಂದರೆ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರಿನಿಂದ. ಹಾಗಾಗಿ ಬೆಳಕಿದ್ದರೆ ಹಾರಿಜಾಂಟಲ್ ಭಾಗ ಬದುಕಿದೆ. ಸ್ಕ್ರೀನ್ ವೋಲ್ಟೇಜ್, ವಿಡಿಯೊ ಭಾಗಗಳ ಕಡೆ ಹೋಗಿ. ಬೆಳಕಿಲ್ಲದಿದ್ದರೆ ಕರೆಂಟ್ ಕಿತ್ತು ಫ್ಯೂಸ್ ನೋಡಿ, ಆಮೇಲೆ ಹಾರಿಜಾಂಟಲ್ ಔಟ್‌ಪುಟ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿದೆಯೇ ಎಂದು ಮೀಟರ್ ಹಿಡಿಯಿರಿ. ಹೊಸ ಟ್ರಾನ್ಸಿಸ್ಟರ್ ಹಾಕಿದ ಕೂಡಲೇ ಮತ್ತೆ ಸತ್ತರೆ ಎಲ್‌ಓಟಿ ಮೇಲೆ ಅನುಮಾನ ಪಡಿ.

5. ಫ್ಯೂಸ್ ಹಾರಿದಾಗ ಸೀರೀಸ್ ಬಲ್ಬ್ ಹಾಕಿ

ಒಂದರ ಹಿಂದೆ ಒಂದು ಫ್ಯೂಸ್ ಸುಡಬೇಡಿ; ದಪ್ಪ ಫ್ಯೂಸ್ ಹಾಕುವುದಂತೂ ಬೇಡವೇ ಬೇಡ. ನಮ್ಮ ಟಿವಿ ಅಂಗಡಿಗಳ ಹಳೇ ಉಪಾಯ ಇಲ್ಲೂ ನಡೆಯುತ್ತದೆ: 60 ಅಥವಾ 100 ವ್ಯಾಟಿನ ಫಿಲಮೆಂಟ್ ಬಲ್ಬನ್ನು ಸೀರೀಸ್‌ನಲ್ಲಿ ಸೇರಿಸಿ. ಮೊದಲು ಟ್ಯೂಬಿನ ಕಾಂತತ್ವ ಅಳಿಸುವ ಡೀಗಾಸ್ ಕಾಯಿಲಿನ ಕನೆಕ್ಟರ್ ಕಿತ್ತಿಡಿ, ಇಲ್ಲವಾದರೆ ಅದು ಎಳೆಯುವ ಕರೆಂಟ್ ಲೆಕ್ಕ ತಪ್ಪಿಸುತ್ತದೆ. ಬಲ್ಬ್ ಒಮ್ಮೆ ಮಿನುಗಿ ಮಂದವಾದರೆ ಸರಿ. ಝಗಝಗಿಸುತ್ತಲೇ ಇದ್ದರೆ ಶಾರ್ಟ್ ಇನ್ನೂ ಒಳಗಿದೆ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗದು.

6. ಒಂದೇ ಗೆರೆ ಕಂಡರೆ ಟ್ಯೂಬ್ ಯಾವ ದಿಕ್ಕಿಗಿದೆ ಎಂದು ಕೇಳಿಕೊಳ್ಳಿ

ಅಡ್ಡ ಗೆರೆ ಮಾತ್ರ ಉಳಿದಿದ್ದರೆ ವರ್ಟಿಕಲ್ ಭಾಗ ನಿಂತಿದೆ: ಔಟ್‌ಪುಟ್ ಟ್ರಾನ್ಸಿಸ್ಟರ್ ಅಥವಾ ಐಸಿ, ಸಪ್ಲೈ ಕೊಡುವ ರೆಸಿಸ್ಟರ್, ಕಿರಣವನ್ನು ತಿರುಗಿಸುವ ಕಾಯಿಲಿನ, ಅಂದರೆ ಯೋಕಿನ, ಕನೆಕ್ಟರ್ ನೋಡಿ. ನಿಂತ ಗೆರೆಯಾದರೆ ಹಾರಿಜಾಂಟಲ್ ಯೋಕಿನ ದಾರಿ ಕಡಿದಿದೆ. ವಿಡ್ತ್ ಕಾಯಿಲಿನ ಬೆಸುಗೆ ಬಿಟ್ಟಿರಬಹುದು. ಆದರೆ ಪ್ಯಾಕ್‌ಮ್ಯಾನ್‌ನಂಥ ಆಟಗಳಲ್ಲಿ ಟ್ಯೂಬನ್ನೇ 90 ಡಿಗ್ರಿ ತಿರುಗಿಸಿ ಕೂರಿಸಿರುತ್ತಾರೆ. ಅಲ್ಲಿ ನಿಂತಂತೆ ಕಾಣುವ ಗೆರೆ ಟ್ಯೂಬಿನ ಲೆಕ್ಕದಲ್ಲಿ ಅಡ್ಡ ಗೆರೆ! ತಲೆ ವಾಲಿಸಿ ನೋಡಿ ತೀರ್ಪು ಕೊಡಿ. ಪರೀಕ್ಷಿಸುವಾಗ ಬ್ರೈಟ್‌ನೆಸ್ ಇಳಿಸಿಡಿ, ಇಲ್ಲವಾದರೆ ಆ ಗೆರೆ ಪರದೆಯ ಮೇಲೆ ಶಾಶ್ವತವಾಗಿ ಉಳಿಯಬಹುದು.

7. ಚಿತ್ರ ಉರುಳಿದರೆ ಸಿಂಕ್ ತಂತಿ ಹಿಡಿಯಿರಿ

ಮೇಲೆ ಕೆಳಗೆ ಉರುಳುತ್ತಿದ್ದರೆ ವರ್ಟಿಕಲ್ ಹೋಲ್ಡ್, ಓರೆ ಪಟ್ಟೆಗಳಾಗಿ ಹರಿದಿದ್ದರೆ ಹಾರಿಜಾಂಟಲ್ ಹೋಲ್ಡ್ ಸ್ವಲ್ಪ ತಿರುಗಿಸಿ. ಅದಕ್ಕೂ ಬಗ್ಗದಿದ್ದರೆ ಬೋರ್ಡಿನಿಂದ ಸಿಂಕ್, ಅಂದರೆ ಚಿತ್ರವನ್ನು ಹಿಡಿದು ನಿಲ್ಲಿಸುವ ಸಿಗ್ನಲ್, ಬರುತ್ತಿದೆಯೇ ನೋಡಿ. ಕೆಲವು ಬೋರ್ಡುಗಳು ವರ್ಟಿಕಲ್, ಹಾರಿಜಾಂಟಲ್ ಎರಡೂ ಸಿಂಕನ್ನು ಒಂದೇ ತಂತಿಯಲ್ಲಿ ಕಳಿಸಿದರೆ, ಕೆಲವು ಬೇರೆಬೇರೆಯಾಗಿ ಕಳಿಸುತ್ತವೆ. ಅವು ಮಾನಿಟರಿನ ಸರಿಯಾದ ಪಿನ್ನಿಗೆ ಹೋಗಿರದಿದ್ದರೆ ಹೋಲ್ಡ್ ಎಷ್ಟು ತಿರುಗಿಸಿದರೂ ವ್ಯರ್ಥ.

8. ಬಣ್ಣ ಹೋದರೆ ತಂತಿ ಅದಲುಬದಲು ಮಾಡಿ

ಕೆಂಪು ಕಾಣುತ್ತಿಲ್ಲ ಎನ್ನಿ. ಕರೆಂಟ್ ಆರಿಸಿ, ಗೇಮ್ ಬೋರ್ಡಿನಿಂದ ಬರುವ ಕೆಂಪು, ಹಸಿರು ತಂತಿಗಳನ್ನು ಅದಲುಬದಲು ಮಾಡಿ. ಈಗ ಕೆಂಪು ಬಂದು ಹಸಿರು ಹೋದರೆ ಬೋರ್ಡಿನದೋ ವೈರಿಂಗಿನದೋ ತಪ್ಪು. ಈಗಲೂ ಕೆಂಪೇ ಇಲ್ಲವಾದರೆ ಮಾನಿಟರಿನದು: ಟ್ಯೂಬಿನ ಕುತ್ತಿಗೆಗೆ ಸಿಕ್ಕಿಸಿದ ನೆಕ್ ಬೋರ್ಡಿನ ಟ್ರಾನ್ಸಿಸ್ಟರ್, ಬೆಸುಗೆ ನೋಡಿ. ಇಡೀ ಪರದೆಗೆ ಒಂದೇ ಬಣ್ಣ ಬಳಿದಂತಾಗಿ ಮೇಲೆ ಓರೆ ಗೆರೆಗಳು ಕಂಡರೆ ಆ ಬಣ್ಣದ ಟ್ರಾನ್ಸಿಸ್ಟರ್ ಶಾರ್ಟ್ ಆಗಿರಬಹುದು.

9. ಅಂಚು ಅಲೆಯಾಡಿದರೆ ಬಿ ಪ್ಲಸ್ ಅಳೆಯಿರಿ

ಚಿತ್ರ ಎಲ್ಲ ಕಡೆಯಿಂದ ಕುಗ್ಗುವುದು, ಅಂಚು ಹಾವಿನಂತೆ ಬಳುಕುವುದು, ಕಪ್ಪು ಪಟ್ಟೆ ಓಡಾಡುವುದು, ಇವೆಲ್ಲ ಮುಖ್ಯ ಸಪ್ಲೈ, ಅಂದರೆ ಬಿ ಪ್ಲಸ್, ದುರ್ಬಲವಾದುದರ ಗುರುತು. ಎಲೆಕ್ಟ್ರೋಹೋಮ್ ಜಿ07ನಲ್ಲಿ ಬಿ ಪ್ಲಸ್ 120 ವೋಲ್ಟ್ ಡಿಸಿ ಇರಬೇಕು. ಬೇರೆ ಮಾನಿಟರಿಗೆ ಅದರದೇ ಮ್ಯಾನ್ಯುಯಲ್ ನೋಡಿ. ಕಡಿಮೆಯಿದ್ದರೆ ದೊಡ್ಡ ಫಿಲ್ಟರ್ ಕಂಡೆನ್ಸರ್, ರೆಗ್ಯುಲೇಟರ್ ಪರೀಕ್ಷಿಸಿ. ಚಿತ್ರ ಹಿಗ್ಗಲಿ ಎಂದು ಬಿ ಪ್ಲಸ್ ಏರಿಸಬೇಡಿ. ಆನೋಡ್ ವೋಲ್ಟೇಜೂ ಜೊತೆಗೇ ಏರಿ ಎಲ್‌ಓಟಿಗೆ ಪೆಟ್ಟು ಬೀಳುತ್ತದೆ.

10. ಮೊದಲು ಡ್ರೈ ಸೋಲ್ಡರ್, ಆಮೇಲೆ ಕಂಡೆನ್ಸರ್

ತಟ್ಟಿದಾಗ ಸರಿಯಾಗಿ, ಬಿಟ್ಟಾಗ ಕೆಡುವ ಚಿತ್ರಕ್ಕೆ ಬೇಕಿರುವುದು ಹೊಸ ಭಾಗವಲ್ಲ, ಹೊಸ ಬೆಸುಗೆ. ಭೂತಗನ್ನಡಿ ಹಿಡಿದು ಕನೆಕ್ಟರ್ ಪಿನ್ನು, ಎಲ್‌ಓಟಿ ಕಾಲು, ದೊಡ್ಡ ರೆಸಿಸ್ಟರುಗಳ ಸುತ್ತ ಉಂಗುರದಂಥ ಬಿರುಕು ಹುಡುಕಿ. ಚಿತ್ರದ ತುದಿ ಮಡಚಿಕೊಂಡರೆ, ಬಿಸಿಯಾದ ಮೇಲೆ ತಾನೇ ಸರಿಯಾದರೆ, ಎಲೆಕ್ಟ್ರೋಲಿಟಿಕ್ ಕಂಡೆನ್ಸರುಗಳು ಒಣಗಿವೆ. 105 ಡಿಗ್ರಿಯವನ್ನೇ ಕೊಳ್ಳಿ. ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಕಡಿಮೆಯಾಗದಿರಲಿ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯ ಅಂಗಡಿಗಳಿವೆ. ಒಂದನ್ನು ಕಿತ್ತು, ಪ್ಲಸ್ ಮೈನಸ್ ನೋಡಿ ಹೊಸದು ಹಾಕಿ, ಆಮೇಲೆ ಇನ್ನೊಂದಕ್ಕೆ ಕೈ ಹಾಕಿ. ಎಲ್ಲವನ್ನೂ ಒಟ್ಟಿಗೆ ಕಿತ್ತರೆ ಹಳೆಯ ದೋಷದ ಜೊತೆ ಹೊಸದೊಂದು ಸೇರುತ್ತದೆ.

11. ತಿರುಗಿಸುವ ಮುನ್ನ ಗುರುತು ಹಾಕಿ

ಮಸುಕಾದ ಚಿತ್ರಕ್ಕೆ ಎಲ್‌ಓಟಿ ಮೇಲಿನ ಫೋಕಸ್, ಹಿನ್ನೆಲೆ ಬೂದಾಗಿ ಗೆರೆ ಕಂಡರೆ ಪಕ್ಕದ ಸ್ಕ್ರೀನ್ ಕಂಟ್ರೋಲ್. ಎರಡನ್ನೂ ಕೂದಲೆಳೆಯಷ್ಟೇ ತಿರುಗಿಸಿ. ಮೊದಲಿನ ಸ್ಥಾನಕ್ಕೆ ಮಾರ್ಕರ್ ಗೆರೆ ಇರಲಿ. ಮೂಲೆಯಲ್ಲಿ ಬಣ್ಣದ ಕಲೆ ಕಂಡರೆ ಅದು ಕಾಂತದ ಕೆಲಸ: ಕೈಯಲ್ಲಿ ಹಿಡಿಯುವ ಡೀಗಾಸ್ ಕಾಯಿಲನ್ನು ಪರದೆಯ ಮುಂದೆ ಸುತ್ತಿಸುತ್ತಾ ನಿಧಾನವಾಗಿ ಹಿಂದೆ ಸರಿದು, ದೂರ ಬಂದ ಮೇಲೆ ಆಫ್ ಮಾಡಿ. ಕುತ್ತಿಗೆಯ ಮೇಲಿನ ಕಾಂತದ ಉಂಗುರಗಳನ್ನು ಮಾತ್ರ ಅಲುಗಿಸಬೇಡಿ. ಕಾರ್ಖಾನೆಯ ಹೊಂದಾಣಿಕೆ ತಪ್ಪಿದರೆ ಮತ್ತೆ ಕೂರಿಸುವುದು ಬಲು ಪ್ರಯಾಸ.

12. ಟ್ಯೂಬಿನ ಮಿತಿ ತಿಳಿದಿರಲಿ, ಕೆಲಸದ ದಾಖಲೆ ಇಡಿ

ಅಟಾರಿಯ ಆಸ್ಟರಾಯ್ಡ್ಸ್ (1979), ಟೆಂಪೆಸ್ಟ್ (1981) ಯಂತ್ರಗಳಲ್ಲಿರುವುದು ವೆಕ್ಟರ್ ಮಾನಿಟರ್. ಅಲ್ಲಿ ಕಿರಣ ಸಾಲುಸಾಲಾಗಿ ಓಡದೆ ಗೆರೆಗಳನ್ನೇ ನೇರವಾಗಿ ಬಿಡಿಸುತ್ತದೆ. ಹಾಗಾಗಿ ಮೇಲಿನ ಹೋಲ್ಡ್, ಸಿಂಕ್ ಸೂತ್ರಗಳು ಅಲ್ಲಿಗೆ ಸಲ್ಲವು. ಟ್ಯೂಬ್ ಬಳಲಿದ್ದರೆ ರಿಜುವಿನೇಟರ್ ಯಂತ್ರ ಕೆಲವೊಮ್ಮೆ ಹೊಳಪು ಮರಳಿಸುತ್ತದೆ, ಕೆಲವೊಮ್ಮೆ ಉಳಿದದ್ದನ್ನೂ ಕೆಡಿಸುತ್ತದೆ. ಕೊನೆಯ ಅಸ್ತ್ರವಾಗಿಯಷ್ಟೇ ಬಳಸಿ. ಆರಿಸಿದ ಪರದೆಯ ಮೇಲೂ ಕಾಣುವ ಪ್ಯಾಕ್‌ಮ್ಯಾನ್ ಚಕ್ರವ್ಯೂಹದ ಸುಟ್ಟ ಗುರುತಿಗೆ ಬೇರೆ ಟ್ಯೂಬ್ ಹಾಕುವುದೊಂದೇ ದಾರಿ. ಚಿತ್ರ ಸರಿಯಾಯಿತೆಂದು ತಕ್ಷಣ ಬೀಗಬೇಡಿ. ಹಿಂಬಾಗಿಲು ಮುಚ್ಚಿ ಒಂದೆರಡು ಗಂಟೆ ಓಡಿಸಿ, ಬಿಸಿಯಲ್ಲಿ ಮಾತ್ರ ತಲೆದೋರುವ ದೋಷಗಳು ಆಗ ಹೊರಬೀಳುತ್ತವೆ. ಯಾವ ಭಾಗ ಬದಲಿಸಿದಿರಿ, ಬಿ ಪ್ಲಸ್ ಎಷ್ಟಿತ್ತು ಎಂದು ಬರೆದು ಪೆಟ್ಟಿಗೆಯೊಳಗೆ ಅಂಟಿಸಿ. ಮುಂದೆ ಇದನ್ನು ಬಿಚ್ಚುವವರಿಗೆ ಅರ್ಧ ಕೆಲಸ ಅಲ್ಲೇ ಮುಗಿದಿರುತ್ತದೆ.