ಬಾವಿಗೆ ಪೆಟ್ರೋಲ್ ಬಂದರೆ ಪತ್ತೆ ಹೇಗೆ?

ನಮ್ಮ ತೋಟ ದೇವನಹಳ್ಳಿ ತಾಲೂಕಿನಲ್ಲಿ, ರಸ್ತೆ ಬದಿಗೆ. ಎರಡು ಎಕರೆ ದ್ರಾಕ್ಷಿ, ಒಂದಿಷ್ಟು ರಾಗಿ, ನಾಲ್ಕು ಹಸು. ಮೇಲ್ಭಾಗಕ್ಕೆ ಒಂದು ಪೆಟ್ರೋಲ್ ಬಂಕ್. ವರ್ಷಗಟ್ಟಲೆ ಒಣಗಿದ್ದ ನಮ್ಮ ತೆರೆದ ಬಾವಿಯಲ್ಲಿ 2022ರ ಮಳೆಗೆ ನೀರು ಕಂಡಿತು. ಸಂತೋಷ ನಾಲ್ಕೇ ದಿನ. ಐದನೇ ದಿನ ಹಸುಗಳು ಆ ನೀರಿಗೆ ಬಾಯಿ ಹಾಕಲಿಲ್ಲ. ಮೂಸಿ ನೋಡಿದರೆ ಸ್ಕೂಟರ್ ಟ್ಯಾಂಕಿನ ವಾಸನೆ!

ವಿಚಿತ್ರ ಅಂದ್ರೆ, 60 ಅಡಿ ಆಚೆಗಿನ ಬೋರ್‌ವೆಲ್ ನೀರಿಗೆ ವಾಸನೆಯೇ ಇಲ್ಲ. ಕಾರಣ ಆಮೇಲೆ ತಿಳಿಯಿತು. ಪೆಟ್ರೋಲ್ ನೀರಿಗಿಂತ ಹಗುರ. ಭೂಮಿಗಿಳಿದು ನೀರಿನ ಮಟ್ಟ ಮುಟ್ಟಿದರೆ ಅದರ ಮೇಲೆ ತೇಲುತ್ತದೆ. ಬೋರ್‌ವೆಲ್‌ಗೆ ಮೇಲೆಲ್ಲ ಕೇಸಿಂಗ್, ಪಂಪು ನೂರಾರು ಅಡಿ ಕೆಳಗೆ. ತೇಲುವ ಪೆಟ್ರೋಲ್ ಅದಕ್ಕೆ ಸಿಗುವುದಿಲ್ಲ. ಹಾಗಂತ ನಿಶ್ಚಿಂತೆ ಬೇಡ. ಪೆಟ್ರೋಲಿನಲ್ಲಿರುವ ಬೆಂಜೀನ್ ನೀರಿನಲ್ಲಿ ಕರಗಿ ಕೆಳಗೂ ಇಳಿಯುತ್ತದೆ. ಅದು ಕ್ಯಾನ್ಸರ್ ತರುವಂಥದ್ದು. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅಷ್ಟು ಕಡಿಮೆ ಮೂಗಿಗೆ ಗೊತ್ತೇ ಆಗದು. ನಮ್ಮ ಕಡೆ ಕೆಳಗೆಲ್ಲ ಗಟ್ಟಿ ಬಂಡೆ, ನೀರು ಹರಿಯುವುದು ಬಿರುಕಿನಲ್ಲಿ. ಬೋರ್‌ವೆಲ್ ಜಾಸ್ತಿ ಓಡಿಸಿದಷ್ಟೂ ಅದನ್ನು ನಮ್ಮತ್ತ ಎಳೆದುಕೊಂಡಂತೆ.

ನೀರಿನ ಮೇಲೆ ಬಣ್ಣದ ಪೊರೆ ಕಂಡಾಕ್ಷಣ ಬಂಕಿನವರ ಜೊತೆ ಜಗಳಕ್ಕೆ ಹೋಗಬೇಡಿ. ಕಬ್ಬಿಣದಂಶದಿಂದಲೂ ಪೊರೆ ಕಟ್ಟುತ್ತದೆ. ಕಡ್ಡಿಯಿಂದ ಕದಡಿ ನೋಡಿ: ಕಬ್ಬಿಣದ್ದು ಹಪ್ಪಳದ ಹಾಗೆ ಚೂರಾಗುತ್ತೆ, ಎಣ್ಣೆಯದ್ದು ಮತ್ತೆ ಕೂಡಿಕೊಳ್ಳುತ್ತೆ. ವಾಸನೆ ಇದ್ದರೆ ಮಾತ್ರ ಬಾವಿಗೆ ಇಳಿಯಲೇಬೇಡಿ, ಹತ್ತಿರ ಬೀಡಿ ಹಚ್ಚಬೇಡಿ, ಪಂಪು ಚಾಲೂ ಮಾಡಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಬಾವಿಯೊಳಗೇ ಕೂತಿರುತ್ತದೆ.

ನಾನು ಮೊದಲ ಸಲ ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲಿ ಒಯ್ದೆ. ಪ್ರಯೋಗಾಲಯದವರು ಮುಟ್ಟಲಿಲ್ಲ. ದಾರಿಯಲ್ಲೇ ಬೆಂಜೀನ್ ಆರಿಹೋಗುತ್ತದಂತೆ. ಅವರೇ ಕೊಡುವ ಸಣ್ಣ ಗಾಜಿನ ಶೀಶೆಯಲ್ಲಿ ಒಂದು ಗುಳ್ಳೆಯೂ ಉಳಿಯದಂತೆ ತುಂಬಿ, ಐಸ್ ಡಬ್ಬಿಯಲ್ಲಿಟ್ಟು ತಲುಪಿಸಬೇಕು. ಬೋರ್‌ವೆಲ್ ಆದರೆ ಪೈಪಿನ ಹಳೇ ನೀರು ಹೋಗುವವರೆಗೆ ಓಡಿಸಿ ಹಿಡಿಯಿರಿ. ‘ಬೆಂಜೀನ್ ನೋಡಿ’ ಎಂದು ಕೇಳಿ ಬರೆಸಿ. ಗಡಸುತನ, ಫ್ಲೋರೈಡಿನ ಮಾಮೂಲಿ ಪರೀಕ್ಷೆಯಲ್ಲಿ ಇದು ಬರುವುದಿಲ್ಲ. ಮಳೆಗಾಲಕ್ಕೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಬೇಕು. ಖರ್ಚಿನ ಬಾಬತ್ತು, ಅಕ್ಕಪಕ್ಕದವರು ಹಂಚಿಕೊಳ್ಳುವುದು ಒಳ್ಳೆಯದು.

ನಿಜವಾಗಿ ಈ ಕಾವಲು ಬಂಕಿನೊಳಗೇ ಇರಬೇಕು. ಟ್ಯಾಂಕಿನ ಇಳಿಜಾರಿಗೆ ಒಂದು, ಹೋಲಿಸಲು ಮೇಲ್ಭಾಗಕ್ಕೆ ಒಂದು ಆಳವಿಲ್ಲದ ಕೊಳವೆ. ಅದರ ತೂತು ಬಿದ್ದ ಭಾಗ ನೀರಿನ ಮಟ್ಟ ಏರಿಳಿಯುವಷ್ಟೂ ಉದ್ದಕ್ಕಿರಬೇಕು. ಇಲ್ಲದಿದ್ದರೆ ತೇಲುವ ಪೆಟ್ರೋಲ್ ಒಳಗೆ ಬರದು. ಬಂಕಿನವರು ದಿನಾ ಕಡ್ಡಿ ಇಳಿಸಿ ದಾಸ್ತಾನು ಬರೆಯುತ್ತಾರಲ್ಲ, ಮಾರಿದ್ದಕ್ಕಿಂತ ಇಳಿದದ್ದು ದಿನವೂ ಜಾಸ್ತಿಯಾದರೆ ಸೋರಿಕೆಯ ಅನುಮಾನ ಅಲ್ಲೇ ಏಳಬೇಕು. ಹೊಸ ಬಂಕು ಮನೆ, ಶಾಲೆಗಳಿಂದ 50 ಮೀಟರ್ ದೂರವಿರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರ ಜನವರಿಯಲ್ಲಿ ಹೇಳಿದೆ. ಬಂಡೆಯ ಬಿರುಕಿಗೆ 50 ಮೀಟರ್ ಯಾವ ಲೆಕ್ಕ?

ನಮ್ಮ ಬಾವಿ ನೀರಿನಲ್ಲಿ ಬೆಂಜೀನ್ ಮಿತಿ ದಾಟಿತ್ತು. ವರದಿ ಕೈಯಲ್ಲಿ ಹಿಡಿದು ಹೋದ ಮೇಲೆ ಬಂಕಿನವರು ಅಗೆದು ನೋಡಿದರು. ನೆಲದೊಳಗಿನ ಪೈಪಿನ ಒಂದು ಜೋಡಣೆ ಸೋರುತ್ತಿತ್ತು, ಬದಲಿಸಿದರು. ಬೋರ್‌ವೆಲ್ ನೀರು ಮೂರು ಪರೀಕ್ಷೆಯಲ್ಲೂ ಪಾಸಾಗಿದೆ. ತೆರೆದ ಬಾವಿಗೆ ಬೇಲಿ ಹಾಕಿದ್ದೇನೆ, ಹಸುಗಳಿಗೆ ಆ ನೀರು ಇನ್ನೂ ಕೊಟ್ಟಿಲ್ಲ.