ಬೈಪಾಸ್ ಆದ ಎರಡನೇ ತಿಂಗಳು

ಬೈಪಾಸ್ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಎದೆಯ ಮಧ್ಯದ ಮೂಳೆಯನ್ನು ಸೀಳಿ, ಕಾಲಿನಿಂದಲೋ ಎದೆಯಿಂದಲೋ ತೆಗೆದ ರಕ್ತನಾಳದಿಂದ ರಕ್ತಕ್ಕೆ ಹೊಸ ದಾರಿ ಮಾಡುತ್ತಾರೆ. ಮೂಳೆ ಕೂಡಲು ಸುಮಾರು 6ರಿಂದ 12 ವಾರ ಬೇಕು. ಅಲ್ಲಿಯವರೆಗೆ ತುಂಬಿದ ಬಿಂದಿಗೆ ಎತ್ತುವಂತಿಲ್ಲ. ಆದರೆ ದಿನವೂ ಸ್ವಲ್ಪ ಸ್ವಲ್ಪ ನಡೆಯಲೇಬೇಕು.

ನಮ್ಮ ನಾನಾ ಆಸ್ಪತ್ರೆಯಿಂದ ಬಂದ ಮೊದಲ ವಾರ ಮನೆಯಲ್ಲಿ ಕುರ್ಚಿ ಸಾಲಲಿಲ್ಲ, ಅಷ್ಟು ಜನ. ರೋಗಿಯನ್ನು ನೋಡಲು ಹೋಗುವುದು, ಅಂದರೆ ಇಯಾದತ್, ಸುನ್ನತ್ ಅಲ್ಲವೇ? ಐದನೇ ವಾರಕ್ಕೆ ಯಾರೂ ಇಲ್ಲ. ನಾನಾ ಗೋಡೆ ಕಡೆ ತಿರುಗಿ ಮಲಗಿಬಿಡುತ್ತಿದ್ದರು. ಸುಸ್ತು ಎಂದುಕೊಂಡೆವು. ಬೈಪಾಸ್ ನಂತರ ಹಲವರಿಗೆ ಖಿನ್ನತೆ ಬರುತ್ತದೆ, ಅದಕ್ಕೂ ಚಿಕಿತ್ಸೆ ಇದೆ ಎಂದು ಡಾಕ್ಟರ್ ಹೇಳಿದ ಮೇಲೆಯೇ ನಮಗೆ ತಿಳಿದದ್ದು. ನನ್ನನ್ನು ಕೇಳಿದರೆ, ಇಯಾದತ್‌ಗೆ ಎರಡನೇ ತಿಂಗಳು ಹೋಗಿ.

2010ರಲ್ಲಿ 148 ಅಧ್ಯಯನಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ, ಗಟ್ಟಿ ಸಂಬಂಧಗಳಿರುವವರು ಬದುಕುಳಿಯುವ ಸಾಧ್ಯತೆ ಸುಮಾರು ಶೇ. 50ರಷ್ಟು ಹೆಚ್ಚು ಎಂದು ಕಂಡುಬಂತು. ನಾವು ಕಾಮರ್ಸ್‌ನವರು ಗುಡ್‌ವಿಲ್ ಅನ್ನು ಕಣ್ಣಿಗೆ ಕಾಣದ ಆಸ್ತಿ ಎಂದು ಬರೆಯುತ್ತೇವಲ್ಲ, ಹಾಗೆ.

ಈಗ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ದಿನಾ ಸಂಜೆ ಬಾಗಿಲಲ್ಲಿ ನಿಂತು "ಬನ್ನಿ ಸಾಹೇಬರೇ" ಎನ್ನುತ್ತಾರೆ. ಕುರ್ಚಿಯಲ್ಲಿ ಕೂತು ಅಸರ್ ನಮಾಜ್ ಮುಗಿಸಿದ ನಾನಾ ಚಪ್ಪಲಿ ಹಾಕಿಕೊಂಡೇ ಕಾಯುತ್ತಿರುತ್ತಾರೆ.